ಎಮ್ಮೆಯ ಮುಂದೆ ಆಡಿದ ಮಾತು

ಸವಳಂಗದ ಶಿವಗಂಗಮ್ಮ ಗಂಡನೊಡನೆ ನೇರ ಮಾತಾಡದೆ ಏಳು ವರ್ಷ ಬಾಳಿದವಳು. ಹಾಗೆಂದು ಮನೆಯಲ್ಲಿ ಮಾತೇ ಇರಲಿಲ್ಲವೆಂದಲ್ಲ. ಇದ್ದದ್ದೆಲ್ಲ ಕೊಟ್ಟಿಗೆಯ ಎಮ್ಮೆಯ ಮುಂದೆ ನಡೆಯುತ್ತಿತ್ತು.

ಮೂವತ್ತಾರನೇ ಇಸವಿಯಲ್ಲಿ ಉಬ್ರಾಣಿಯಲ್ಲಿ ಅವಳ ತಮ್ಮನ ಮದುವೆ. ಆ ಕಡೆ ವಾಂತಿಭೇದಿ ಇದೆ, ಕೂಸನ್ನು ಕರೆದುಕೊಂಡು ಹೋಗಬೇಡ ಎಂದು ಗಂಡ ಬೆನಕಪ್ಪ ಒಂದು ಸಲ ಹೇಳಿದ್ದ. ತವರಿನ ಆಸೆ, ಅವಳು ಹೊರಟೇಬಿಟ್ಟಳು. ಮದುವೆಯ ಮೂರನೇ ದಿನ ನಾಲ್ಕು ವರ್ಷದ ಮಗಳು ಅಲ್ಲೇ ವಾಂತಿಭೇದಿಗೆ ತೀರಿಕೊಂಡಳು. ಬರಿಗೈಯಲ್ಲಿ ಬಂದವಳಿಗೆ ಬೆನಕಪ್ಪ ನೆಂಟರ ಎದುರಿಗೇ, "ನನ್ನ ಕೂಸನ್ನ ನೀನೇ ತಿಂದೆ" ಎಂದ. ಅವಳೂ ಸುಮ್ಮನಿರಲಿಲ್ಲ. "ಅವತ್ತು ತಡಿಯಾಕೆ ಆಗದ ಗಂಡಸು ಈಗ ಬೈಯಾಕೆ ಬಂದ್ರಾ" ಎಂದುಬಿಟ್ಟಳು. ಅಲ್ಲಿಗೆ ಇಬ್ಬರ ಬಾಯಿಯೂ ಕಟ್ಟಿತು.

ಆದರೆ ಸಂಸಾರ ನಡೆಯಬೇಕಲ್ಲ. ಅವನು ಎಮ್ಮೆಗೆ ಹುಲ್ಲು ಹಾಕುತ್ತ, ಕಾಳಿ, ನಾಳೆ ನ್ಯಾಮತಿ ಸಂತೆಗೆ ಹೋಗ್ತೀನಿ, ಬುತ್ತಿ ಬೇಕು ಎನ್ನುವನು. ಅವಳು ಹಾಲು ಕರೆಯುತ್ತ, ಕಾಳಿ, ಉಪ್ಪು ಮುಗಿದೈತೆ ಎನ್ನುವಳು. ಪಕ್ಕದ ಮನೆಯ ಅಂತರಘಟ್ಟಮ್ಮ ನಗಾಡುತ್ತಿದ್ದಳು: "ನಿಮ್ಮನೆ ಯಜಮಾನಿಕೆ ಎಮ್ಮೇದೇ ಬಿಡವ್ವ. ನಮ್ಮ ಜಗಳಕ್ಕೂ ಒಂದಿನ ಕಳಿಸು."

ಒಂದು ಸಂಜೆ ಶಿವಗಂಗಮ್ಮ ಎಮ್ಮೆಯ ಕೊರಳು ತುರಿಸುತ್ತ, ಕೂಸು ಇದ್ದಿದ್ದರೆ ಇವತ್ತಿಗೆ ಹನ್ನೊಂದು ತುಂಬುತ್ತಿತ್ತು ಎಂದಳು. ಬೆನಕಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಆ ಹೊತ್ತು ಎಮ್ಮೆಗೆ ಎರಡು ಪಾಲು ಹಿಂಡಿ ಹಾಕಿದ. ಅಷ್ಟನ್ನೇ ನೆಚ್ಚಿ ಅವಳು ಎಷ್ಟೋ ದಿನ ಬದುಕಿದಳು.

ಆ ವರ್ಷವೇ ಕಾಳಿ ಕಾಲುಬಾಯಿ ರೋಗಕ್ಕೆ ಸತ್ತಿತು.

ಆಮೇಲೆ ಮನೆಯಲ್ಲಿ ಉಸಿರಿನ ಸದ್ದು ಮಾತ್ರ. ಅವಳು ಬೀಸುಕಲ್ಲಿಗೆ ಹೇಳಿ ನೋಡಿದಳು, ಒಲೆಗೆ ಹೇಳಿ ನೋಡಿದಳು. ಅವನು ಉಂಡು ತಟ್ಟೆ ಸರಿಸಿ ಎದ್ದು ಹೋಗುವನು. ಹನ್ನೆರಡು ದಿನ ಹೀಗೇ. ಹದಿಮೂರನೆಯ ದಿನ ತಡೆಯಲಾರದೆ ಅಂತರಘಟ್ಟಮ್ಮನ ಕಾಲು ಹಿಡಿಯುವುದೊಂದು ಬಾಕಿ, ಅವಳ ಎಮ್ಮೆಯ ಕಡಸನ್ನು ಬೇಡಿ ತಂದು ಕಾಳಿಯ ಗೂಟಕ್ಕೆ ಕಟ್ಟಿದಳು. ಹೊಲದಿಂದ ಬಂದ ಬೆನಕಪ್ಪ ಅದನ್ನು ನೋಡಿದ. ಹಗ್ಗ ಬಿಚ್ಚಿ ಹೊಡೆದುಕೊಂಡು ಹೋಗಿ ಪಕ್ಕದ ಮನೆಗೆ ಬಿಟ್ಟು ಬಂದ.

ಶಿವಗಂಗಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಬೈಯ್ರಿ," ಎಂದಳು. "ಕೂಸನ್ನ ತಿಂದೆ ಅಂತ ಇನ್ನೊಂದು ಸಲ ಅನ್ರಿ. ನನಗೇ ಅನ್ರಿ. ಹಿಂಗೆ ಮಾತ್ರ ಇರಬ್ಯಾಡ್ರಿ."

ಅವನ ತುಟಿ ಎರಡು ಸಲ ಅಲುಗಿತು.

"ಬೈಯಾಕೂ ಬಾಯಿ ಬರ್ತಿಲ್ಲ ಕಣೆ."

ಅದು ಅವಳಿಗೇ ಹೇಳಿದ ಮಾತು. ಇದಕ್ಕಾಗಿ ಏಳು ವರ್ಷ ಕಾದವಳಿಗೆ ಹಿಗ್ಗು ಬರಲಿಲ್ಲ. ಅವನಿಗೆ ಸಿಟ್ಟಾದರೂ ಇದೆ, ಒಂದು ದಿನ ಇಳಿದೀತು ಎಂದುಕೊಂಡಿದ್ದಳು. ಅವನ ಒಳಗೆ ಅದೂ ಉಳಿದಿರಲಿಲ್ಲ. ಬೆನಕಪ್ಪ ಗೋಡೆಗೆ ಒರಗಿ ಕುಸಿದು ಕೂತ. ಅವಳೂ ಎದುರಿಗೆ ಕೂತಳು. ನಡುವೆ ಒಂದು ಮಾರು ನೆಲ. ಕೈ ಚಾಚಲು ಇಬ್ಬರಿಗೂ ಆಗಲಿಲ್ಲ.