ಅಡುಗೆಮನೆಯ ಕೆಳಗೆ

ಗುಡ್ಡದ ಹಳೆಯ ಮನೆಗಳ ಅಡಿಪಾಯಕ್ಕೆ ಕಾಂಕ್ರೀಟ್ ಹಾಕಿ ಭದ್ರಪಡಿಸುವ ಆ ಮೇಸ್ತ್ರಿಯನ್ನು ಜನ ‘ಪುಕ್ಕಲು ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಅವನ ಅಪ್ಪ ಇಂಥದೇ ಕೆಲಸದಲ್ಲಿ ಗೋಡೆಯಡಿ ಸಿಕ್ಕಿ ತೀರಿಕೊಂಡಿದ್ದ. ಅಂದಿನಿಂದ ಯಾವ ಮನೆಯ ಕೆಳಗೆ ನುಸುಳಿದರೂ ಮಗನ ಜೀವ ಬಾಯಿಗೆ ಬರುತ್ತಿತ್ತು.

ಅಂದು ಬೆಳಿಗ್ಗೆ ಇಳಿಜಾರಿನ ಮನೆಯೊಂದರ ಅಡುಗೆಮನೆಯ ಕೆಳಗೆ ಅವನು ಕಂಬಿ ಕಟ್ಟುತ್ತಿದ್ದ. ಹೊರಗೆ ಅವನ ಅಕ್ಕ ಜಲ್ಲಿ, ಸಿಮೆಂಟು ಕಲಸುತ್ತಿದ್ದಳು. ತಲೆಯ ಮೇಲೆ ಮನೆಯೊಡತಿ ಓಡಾಡುವ ಸದ್ದು. ಇದ್ದಕ್ಕಿದ್ದಂತೆ ಅವನ ಕತ್ತಿನ ಮೇಲೆ ಮಣ್ಣು ಉದುರಿತು. ಒರೆಸಿಕೊಂಡ. ಮತ್ತೆ ಉದುರಿತು. ಆಸರೆಗೆ ಕೊಟ್ಟ ಮರದ ಕಂಬ ನರಳಿತು.

ನಾಲ್ಕು ಮಾರು ತೆವಳಿದರೆ ಹೊರಗೆ ಬೆಳಕಿತ್ತು. ಆದರೆ ಮೇಲಿನ ಹೆಜ್ಜೆಗಳು ನಿಂತಿರಲಿಲ್ಲ.

“ಅಕ್ಕಾ, ಆ ಅಮ್ಮನ್ನ ಹೊರಗೆ ಕರಿ! ಬೇಗ!”

“ನೀನು ಮೊದ್ಲು ಬಾರೋ!”

“ಬರ್ತೀನಿ, ನೀನು ಓಡು!”

ಹಲ್ಲು ಕಟಕಟ ಎನ್ನುತ್ತಿದ್ದರೂ ಅವನು ಕಂಬದ ಬುಡಕ್ಕೆ ಬೆಣೆ ಇಟ್ಟು ಸುತ್ತಿಗೆಯಿಂದ ಬಡಿಯತೊಡಗಿದ. ಅಕ್ಕನ ಕೂಗು ಕೇಳಿಸಿತು. ಹೆಜ್ಜೆಗಳು ದಡದಡನೆ ಬಾಗಿಲು ದಾಟಿದವು. ಸುತ್ತಿಗೆ ಬಿಸುಟು ತೆವಳಿದ. ಅವನು ಹೊರಬರುವುದಕ್ಕೂ ಅಡುಗೆಮನೆ ಕುಸಿಯುವುದಕ್ಕೂ ಸರಿಹೋಯಿತು.

ಧೂಳು ಅಡಗಿದಾಗ ಮನೆಯೊಡತಿ ಸೌಟು ಹಿಡಿದೇ ಬೀದಿಯಲ್ಲಿ ನಿಂತಿದ್ದಳು. ಅಕ್ಕ ತಮ್ಮನ ತಲೆಗೆ ಮೊಟಕಿದಳು. ಮರುಕ್ಷಣವೇ ಅವನನ್ನು ತಬ್ಬಿಕೊಂಡು ಅತ್ತಳು.

ಅವನೇನೂ ಕಸುಬು ಬಿಡಲಿಲ್ಲ. ಆದರೆ ಅಂದಿನಿಂದ ಮನೆಯವರೆಲ್ಲ ಹೊರಗೆ ಬಂದು ನಿಲ್ಲುವವರೆಗೂ ಗುದ್ದಲಿ ಮುಟ್ಟುತ್ತಿರಲಿಲ್ಲ. ಯಾರಾದರೂ ಗೊಣಗಿದರೆ, “ನಂಗೆ ಭಯ ಆಗತ್ತೆ ಸ್ವಾಮಿ, ಸ್ವಲ್ಪ ಹೊರಗಿರಿ,” ಎನ್ನುತ್ತಿದ್ದ.