ಮೂರನೆಯ ಕೂಗು

ಆ ಹಿಂದಿ ಧಾರಾವಾಹಿಯ ಜಡ್ಜಿಗೆ ಯಾವಾಗಲೂ ನೆಗಡಿ. ವಾದ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಸಾಕ್ಷಿಗೆ ಬಂದವರು ತಡವರಿಸುತ್ತಿದ್ದರು, ನೆನಪಿಲ್ಲ ಎನ್ನುತ್ತಿದ್ದರು. ಎಷ್ಟೋ ವಾರ ಏನೂ ತೀರ್ಮಾನವಾಗದೆ ಕೇಸು ಮುಂದಕ್ಕೆ ಹೋಗಿ ಕಂತು ಮುಗಿದುಬಿಡುತ್ತಿತ್ತು. ಈಗಿನ ಧಾರಾವಾಹಿಗಳಲ್ಲಿ ವಕೀಲ ಬಾಯಿ ತೆರೆದರೆ ಗುಡುಗುತ್ತದೆ, ಒಂದೇ ಮುಖವನ್ನು ಮತ್ತೆ ಮತ್ತೆ ತೋರಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಎಂಬತ್ತರ ದಶಕದ ಆ ನೆಗಡಿ ಜಡ್ಜನ್ನು ನೆನೆದರೆ ಈಗಲೂ ಪ್ರೀತಿ ಉಕ್ಕುತ್ತದೆ.

ಆಗ ನಾವು ಗುಬ್ಬಿಯಲ್ಲಿದ್ದೆವು. ಟಿ.ವಿ. ಇದ್ದದ್ದು ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿಯ ಹಜಾರದಲ್ಲಿ. ಅವರ ಹೆಂಡತಿಯನ್ನು ಬೀದಿಯವರೆಲ್ಲ ಆಪಾ ಎನ್ನುತ್ತಿದ್ದೆವು. ಭಾನುವಾರ ನಾವೆಲ್ಲ ಚಾಪೆಯ ಮೇಲೆ ಕೂತರೆ, ಆಪಾ ಹಿಂದಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಹೇಳುವುದಷ್ಟೇ ಅಲ್ಲ, ತೀರ್ಪನ್ನೂ ಕೊಡುತ್ತಿದ್ದರು. "ಇವ್ನು ಸುಳ್ಳ ಕಣ್ರೀ, ಕಣ್ಣು ನೋಡಿ," ಎಂದು ಸಾಕ್ಷಿ ಬಾಯಿ ಬಿಡುವ ಮೊದಲೇ ಶಿಕ್ಷೆ ವಿಧಿಸುತ್ತಿದ್ದರು.

ಹಜಾರದಲ್ಲಿ ಅಪ್ಪನಿಗೆ ಮಾತ್ರ ಕುರ್ಚಿ. ಅಪ್ಪ ಗುಬ್ಬಿಯ ಕೋರ್ಟಿನಲ್ಲಿ ದಲಾಯತ್ ಆಗಿದ್ದ. ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದಕ್ಕೊಂದು ಹಿತ್ತಾಳೆಯ ಬಿಲ್ಲೆ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವನ ಕೆಲಸ. ಮೂರು ಸಲ ಕೂಗಿದರೂ ಬಾರದಿದ್ದರೆ ಆ ಕೇಸಿನ ಗತಿ ಮುಗಿಯಿತು. ಸಿನಿಮಾ ಕೋರ್ಟುಗಳೆಂದರೆ ಅಪ್ಪನಿಗೆ ಆಗುತ್ತಿರಲಿಲ್ಲ. ಕೊನೆಗಳಿಗೆಯಲ್ಲಿ ಯಾರೋ ಬಾಗಿಲು ತಳ್ಳಿಕೊಂಡು ನುಗ್ಗಿದರೆ, "ಆ ಬಾಗ್ಲಲ್ಲಿದ್ದ ದಲಾಯತ್ ಎಲ್ಲಿ ಸತ್ತ?" ಎಂದು ಸಿಡಿಮಿಡಿಗೊಳ್ಳುತ್ತಿದ್ದ. ಈ ಧಾರಾವಾಹಿಯಲ್ಲಿ ದಲಾಯತ್ ಇದ್ದ. ಮೂರು ಸಲ ಕೂಗುತ್ತಿದ್ದ, ನಡುವೆ ಕಾಯುತ್ತಿದ್ದ. ಅಷ್ಟಕ್ಕೇ ಅಪ್ಪ ಅದಕ್ಕೆ ಸೋತುಹೋಗಿದ್ದ.

ಕಾಯುವುದರಲ್ಲಿ ಅಪ್ಪನನ್ನು ಮೀರಿಸುವವರು ಇರಲಿಲ್ಲ. ಎರಡನೆಯ ಕೂಗಿಗೂ ಮೂರನೆಯದಕ್ಕೂ ನಡುವೆ ಮೆಟ್ಟಿಲಿಳಿದು ಹುಣಸೆ ಮರದಡಿ ಒಮ್ಮೆ ನೋಡುವನು, ಟೀ ಅಂಗಡಿಗೆ ಇಣುಕುವನು, ಬಸ್ಸು ಬಂತೇ ಎಂದು ರಸ್ತೆಗೆ ಕತ್ತು ಚಾಚುವನು. "ಬೀಡಿ ಎಸ್ದು ಬಾರಯ್ಯ, ಹೊಲ ಹೋಗ್ತದೆ," ಎಂದು ಯಾರನ್ನೋ ರಟ್ಟೆ ಹಿಡಿದು ತರುವುದೂ ಇತ್ತು. ಹಾಗೆ ಉಳಿದ ಕೇಸುಗಳ ಜನ ನಮ್ಮ ಮನೆಗೆ ಎಳನೀರು ತಂದರೆ ಅಪ್ಪ ಬೈದು ವಾಪಸು ಕಳಿಸುತ್ತಿದ್ದ.

ಅದೇ ಕೋರ್ಟಿನಲ್ಲಿ ನನ್ನ ಅತ್ತೆಯ ಕೇಸೂ ಇತ್ತು. ಅತ್ತೆ ಅಪ್ಪನ ಒಬ್ಬಳೇ ತಂಗಿ. ಗುಬ್ಬಿಯಲ್ಲೇ ಮದುವೆಯಾಗಿ, ಮಕ್ಕಳಾಗಲಿಲ್ಲವೆಂದು ಗಂಡನ ಮನೆಯಿಂದ ಹೊರಬಿದ್ದು, ಕುಣಿಗಲ್‌ನಲ್ಲಿ ಚಿಕ್ಕಮ್ಮನೊಬ್ಬಳ ಮನೆ ಸೇರಿದ್ದಳು. ಮದುವೆಗೆ ತಾತ ಕೊಟ್ಟ ಹೊಲಿಗೆ ಮಿಷನ್ನು ಗಂಡನ ಮನೆಯಲ್ಲೇ ಉಳಿದಿತ್ತು. ಅದು ತಮ್ಮದೇ ಎಂದು ಅವರು ಪಟ್ಟು ಹಿಡಿದರು. ಅತ್ತೆ ದಾವಾ ಹೂಡಿದಳು. ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಪಕ್ಕದವರ ಮಿಷನ್ನಿನಲ್ಲಿ ಅವರು ಬಿಟ್ಟ ಹೊತ್ತಿನಲ್ಲಿ ಹೊಲಿದು ಎಷ್ಟು ದಿನ ಬದುಕುವುದು?

ಒಂದು ಭಾನುವಾರ ಅತ್ತೆಯೂ ನಮ್ಮ ಜೊತೆ ಚಾಪೆಯ ಮೇಲಿದ್ದಳು. ಅವತ್ತಿನ ಕಂತಿನಲ್ಲಿ ಒಬ್ಬ ಹೆಂಗಸು ಬೆಳಗ್ಗೆಯೇ ಬುತ್ತಿ ಹಿಡಿದು ಕೋರ್ಟಿಗೆ ಬಂದು, ಬೆಂಚಿನ ಮೇಲೆ ಕೂತು ತೂಕಡಿಸಿ, ಬುತ್ತಿ ಉಂಡಳು. ಆಮೇಲೆ ಎಷ್ಟೋ ಹೊತ್ತಿಗೆ ಅವಳನ್ನು ಕೂಗಿದರು. ಅಪ್ಪ ಕುರ್ಚಿಯ ಕೈ ತಟ್ಟಿದ. "ಹಿಂಗೇ ಕಣಮ್ಮ ಇರೋದು! ಬೆಳಗ್ಗೆ ಬಂದೋರ್ನ ಕೂಗೋದು ಮಧ್ಯಾಹ್ನವೇ. ಇದ್ನ ತೆಗ್ದೋನು ಕೋರ್ಟಲ್ಲಿ ಕೂತು ಎದ್ದೋನು." ಅತ್ತೆ ತಲೆಯಾಡಿಸಿದಳು. ಆ ತಲೆಯಾಟದ ಅರ್ಥ ನಮಗೆ ತಿಳಿದದ್ದು ಅವಳು ಸಾಕ್ಷಿ ಹೇಳಬೇಕಿದ್ದ ಶುಕ್ರವಾರ.

ಆ ದಿನ ಅವಳ ಜೊತೆಗಿರಲೆಂದು ನಾನು ಕೋರ್ಟಿನ ಜಗಲಿಯಲ್ಲಿ ಕಾದು ಕೂತಿದ್ದೆ. ಅತ್ತೆ ಬರಲಿಲ್ಲ. ಹೇಗೂ ಮಧ್ಯಾಹ್ನ ತಾನೇ ಕೂಗುವುದು ಎಂದು ಮದುವೆ ಹೆಣ್ಣೊಬ್ಬಳ ರವಿಕೆಗೆ ಹುಕ್ಕು ಹಾಕುತ್ತಾ ಮೊದಲ ಬಸ್ಸು ಬಿಟ್ಟಿದ್ದಳು. ತುಮಕೂರಿನಲ್ಲಿ ಬಸ್ಸು ಬದಲಿಸಿ ಬರಬೇಕು ಬೇರೆ. ಇತ್ತ ಹಳೆಯ ಜಡ್ಜು ವರ್ಗವಾಗಿ ಹೊಸಬರು ಬಂದಿದ್ದರು. ಅವರಿಗೆ ನೆಗಡಿಯೂ ಇರಲಿಲ್ಲ, ನಿಧಾನವೂ ಇರಲಿಲ್ಲ. ಒಂದರ ಹಿಂದೆ ಒಂದು ಕೇಸು ಮುಗಿಸುತ್ತ ಅತ್ತೆಯದಕ್ಕೆ ಬಂದರು. ಅವಳ ವಕೀಲರು ತುಮಕೂರಿನ ಕೋರ್ಟಿಗೆ ಹೋಗಿದ್ದರು. ಅವರ ಜೂನಿಯರ್ ಎದ್ದು "ಇನ್ನೇನು ಬರ್ತಾರೆ ಸ್ವಾಮಿ" ಎಂದ. "ಹೋದ ಸಲವೂ ಇದನ್ನೇ ಹೇಳಿದಿರಿ. ಕೂಗಿಸಿ. ಬರದಿದ್ದರೆ ವಜಾ," ಎಂದರು ಜಡ್ಜು.

ಅಪ್ಪ ಹೊಸ್ತಿಲಿಗೆ ಬಂದು ಕೂಗಿದ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಂಗಿಯನ್ನು ಫೈಲಿನಲ್ಲಿದ್ದಂತೆಯೇ, ಅವಳನ್ನು ಹೊರಹಾಕಿದವನ ಹೆಸರು ಹೇಳಿ, ಇಂಥವನ ಹೆಂಡತಿ ಇಂಥವಳು ಎಂದು ಕೂಗಿದ. ಉತ್ತರವಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಕೂಗಿದ. ಈಗ ಮೆಟ್ಟಿಲಿಳಿಯುತ್ತಾನೆ, ಹುಣಸೆ ಮರದ ಕಡೆ ಹೋಗುತ್ತಾನೆ ಎಂದು ನಾನು ನೋಡಿದೆ. ಅಪ್ಪ ಅಲ್ಲಾಡಲಿಲ್ಲ. ಒಳಗಿದ್ದವರಿಗೆಲ್ಲ ಅವಳು ದಲಾಯತ್‌ನ ತಂಗಿ ಎಂದು ಗೊತ್ತಿತ್ತು. ಗಂಡನ ಕಡೆಯವರು ಅಪ್ಪನ ಕಾಲುಗಳನ್ನೇ ನೋಡುತ್ತಿದ್ದರು. ಊರಿಗೆಲ್ಲ ಕಾಯುವ ಮನುಷ್ಯ ಒಡಹುಟ್ಟಿದವಳಿಗೆ ಒಂದು ಹೆಜ್ಜೆ ಇಳಿಯಬಾರದೇ ಎಂದು ನನಗೆ ಎಂಥ ಸಿಟ್ಟು ಬಂತೆಂದರೆ, ಹೋಗಿ ಆ ಬಿಲ್ಲೆ ಕಿತ್ತೆಸೆಯಬೇಕು ಅನ್ನಿಸಿತು.

ಮೂರನೆಯ ಸಲ ಅಪ್ಪ ಉಸಿರು ತುಂಬಿಕೊಂಡು ಕೂಗಿದ. ಈ ಸಲ ಗಂಡನ ಹೆಸರು ಬರಲಿಲ್ಲ. ನಮ್ಮ ತಾತನ ಹೆಸರು ಹೇಳಿ, ಅವರ ಮಗಳು ಎಂದು ಅತ್ತೆಯನ್ನು ಕರೆದ. ಆ ದನಿ ರಸ್ತೆಯಾಚೆಗೂ ಕೇಳಿಸಿರಬೇಕು.

ಜಡ್ಜು ತಲೆಯೆತ್ತಿದರು. "ಏನ್ರೀ ಅದು? ಫೈಲಿನಲ್ಲಿ ಹಾಗಿಲ್ಲವಲ್ಲ."

"ತಪ್ಪಾಯ್ತು ಸ್ವಾಮಿ," ಎಂದು ಅಪ್ಪ ಕೈಮುಗಿದ.

ಗುಮಾಸ್ತ ಹಾಳೆ ತಿರುವಿ ಹೆಸರು ನೋಡುತ್ತಿದ್ದಂತೆ, ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಏದುಸಿರಿನಲ್ಲೇ ಕಟಕಟೆಯಲ್ಲಿ ನಿಂತು, ಮಿಷನ್ನು ತನ್ನದು, ತನ್ನಪ್ಪ ಕೊಟ್ಟದ್ದು ಎಂದಳು. ಎದುರು ವಕೀಲರು ತಿರುಗಿಸಿ ಮುರುಗಿಸಿ ಕೇಳಿದರೂ ಅದನ್ನೇ ಹೇಳಿದಳು. ಮುಂದೆ ಇನ್ನೂ ನಾಲ್ಕಾರು ವಾಯಿದೆ ಅಲೆದ ಮೇಲೆ ಮಿಷನ್ನು ಅವಳ ಕೈಸೇರಿತು. ಆದರೆ ಆ ಶುಕ್ರವಾರ ಸಂಜೆ ನಮ್ಮ ಮನೆಯಲ್ಲೇ ಉಳಿದರೂ ಅಪ್ಪನ ಜೊತೆ ಅವಳು ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ತನಗಾಗಿ ಕಾಯಲಿಲ್ಲವೆಂಬ ಕೋಪ ಎಂದುಕೊಂಡು ನಾನೂ ಅವಳ ಪಕ್ಷ ವಹಿಸಿ ಅಪ್ಪನಿಗೆ ಮುಖ ಕೊಡಲಿಲ್ಲ.

ಭಾನುವಾರ ಎಲ್ಲರೂ ಆಪಾರ ಹಜಾರದಲ್ಲಿ ಸೇರಿದೆವು. ಧಾರಾವಾಹಿಗೆ ಮೊದಲು ಜಾಹೀರಾತು ಬರುತ್ತಿತ್ತು. ಆಪಾ ಸುಮ್ಮನಿರುವವರಲ್ಲ. "ಬಸ್ ಕೆಟ್ಟೋಗಿತ್ತೇನಮ್ಮ ಅವತ್ತು?" ಎಂದು ಕೇಳಿಯೇಬಿಟ್ಟರು.

ಅತ್ತೆ ಚಾಪೆಯ ಎಳೆ ಕೀಳುತ್ತ ಕೂತಿದ್ದಳು. "ಬಸ್ಸು ಬಂದಿತ್ತು ಆಪಾ. ಅಣ್ಣ ಮೊದಲ್ನೇ ಸಲ ಕೂಗ್ದಾಗ್ಲೇ ಗೇಟ್ ಹತ್ರ ಇದ್ದೆ. ಅವ್ನ ಹೆಂಡ್ತಿ ಅಂತ ಕೂಗೋದು ಕೇಳಿ ಕಾಲೇ ಬರ್ಲಿಲ್ಲ. ಎರಡ್ನೇ ಸಲಾನೂ ಅದೇ. ಹಾಳಾಗೋಗ್ಲಿ ಬುಡು, ಮಿಷನ್ನೂ ಬ್ಯಾಡ ಏನೂ ಬ್ಯಾಡ ಅಂತ ಬಸ್‌ಸ್ಟ್ಯಾಂಡ್ ಕಡೆ ತಿರುಗ್ದೆ. ಆಮೇಲೆ ನಮ್ಮಪ್ಪನ ಹೆಸ್ರು ಕೇಳಿಸ್ತು. ಎಲ್ಲಿಂದ ಓಡ್ ಬಂದ್ನೋ ನಂಗೇ ಗೊತ್ತಿಲ್ಲ." ಇಷ್ಟು ಹೇಳಿ ಮೊದಲ ಸಲ ಅಪ್ಪನ ಕಡೆ ತಿರುಗಿದಳು. "ತಪ್ಪಾಯ್ತು ಅಂತ ಯಾಕಣ್ಣ ಕೈಮುಗ್ದೆ ಅವ್ರಿಗೆ?"

ಅಪ್ಪ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

"ಅದು ಕೋರ್ಟಿಗೆ ಹೇಳಿದ್ದು. ನಾನೇನ್ ತಪ್ಪಾಗ್ ಕೂಗಿದ್ನೇನಮ್ಮ? ನೀನು ನಮ್ಮಪ್ಪನ ಮಗಳಲ್ವಾ?"