ಕುದುರೆ ಸತ್ತ ಮೇಲೆ ನಡೆದವನು

ಆಟದೊಳಗಿನ ತನ್ನ ಕುದುರೆಯನ್ನು ರಂಗಸ್ವಾಮಿ ತಾನೇ ಬಂಡೆಯ ಮೇಲಿಂದ ಹಾರಿಸಿ ಕೊಂದುಕೊಂಡ. ಬೇರೆ ಯಾರಾದರೂ ಆಗಿದ್ದರೆ ಹಿಂದೆ ಸೇವ್ ಮಾಡಿಟ್ಟಿದ್ದ ಜಾಗಕ್ಕೆ ಹೋಗಿ, ಕುದುರೆ ಬದುಕಿದ್ದ ಗಳಿಗೆಯಿಂದ ಮತ್ತೆ ಆಡುತ್ತಿದ್ದರು. ಕಂಪ್ಯೂಟರ್ ಆಟಗಳಲ್ಲಿ ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ರಂಗ ಒತ್ತಲಿಲ್ಲ. ಬೆಟ್ಟ, ಕಾಡು, ಕೋಟೆ ಎಂದು ಕೊನೆಯೇ ಕಾಣದಷ್ಟು ವಿಶಾಲವಾಗಿದ್ದ ಆ ರಾಜ್ಯವನ್ನು ಪೂರ್ತಿ ನಡೆದುಕೊಂಡೇ ದಾಟಿ ಕಥೆ ಮುಗಿಸಿದ. ಭಾನುವಾರದ ಮೇಲೆ ಭಾನುವಾರ ನಾವು ಅವನ ಹಿಂದೆ ಕೂತು, ಒಬ್ಬ ಯೋಧ ಕತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿಯುವುದನ್ನು ಆಕಳಿಸುತ್ತಾ ನೋಡಿದೆವು. "ಕುದ್ರೆ ಸಾಯ್ಸಿದ್ದು ನಾನು. ನಡೀಬೇಕಾದೋನೂ ನಾನೇಯ," ಅಂದ.

ಆಗ ನಗು ಬಂದಿತ್ತು. ಈಗ ನೆನೆದರೆ ಮೈ ಉರಿಯುತ್ತದೆ. ಅವನ ಬಗ್ಗೆ ಒಳ್ಳೆಯದನ್ನು ಬರೆಯಬೇಕೆಂದೇ ಕೂತಿದ್ದೇನೆ, ಬರೆಯುತ್ತೇನೆ ಕೂಡ. ಆದರೆ ಸಿಟ್ಟು ಇಳಿಯಲಿ ಎಂದು ಕಾದರೆ ಅದು ಈ ಜನ್ಮದಲ್ಲಿ ಆಗುವ ಮಾತಲ್ಲ.

ರಂಗ ಅರಕಲಗೂಡು ಕಡೆಯ ಹಳ್ಳಿಯವನು. ಹಾಸನದಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ. ಅವನ ತಂಗಿ ಮಂಜುಳಾ ಆಗ ಪಿಯುಸಿಗೆಂದು ಊರಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಚೀಲದಲ್ಲಿ ಪುಸ್ತಕಕ್ಕಿಂತ ನಮ್ಮ ಊಟದ ಡಬ್ಬಿಗಳೇ ಹೆಚ್ಚು ಜಾಗ ಹಿಡಿಯುತ್ತಿದ್ದವು. ಅಣ್ಣನಿಗೊಂದು, ಗಿರೀಶಣ್ಣನಿಗೊಂದು. ಆ ಗಿರೀಶಣ್ಣ ನಾನು. ಈಗ ಹೊಳೆನರಸೀಪುರದಲ್ಲಿ ಹೈಸ್ಕೂಲ್ ಮೇಷ್ಟ್ರು. ರಂಗ ಹಾಸನದಲ್ಲೇ ಉಳಿದು ಟೈಲ್ಸ್ ಅಂಗಡಿ ಇಟ್ಟ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ವಾಸ. ಅಲ್ಲಿ ಒಂದು ಒಳ್ಳೆಯ ಕಂಪ್ಯೂಟರ್, ಗೋಡೆ ತುಂಬ ಟಿವಿ. ಭಾನುವಾರ ಮಧ್ಯಾಹ್ನ ಅವನು, ನಾನು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಶ್ರೀನಿಧಿ ಅಲ್ಲಿ ಸೇರುತ್ತಿದ್ದೆವು.

ಆಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ರಾಜ, ರಾಕ್ಷಸ, ಮಾಟಗಾತಿಯರಿರುವ, ಎಲ್ಲಿಗೆ ಬೇಕಾದರೂ ಅಲೆಯಬಹುದಾದ ದೊಡ್ಡ ಆಟಗಳೆಂದರೆ ಮೂವರಿಗೂ ಹುಚ್ಚು. ಅವುಗಳಲ್ಲಿ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂಬುದೇ ವಾದ. ಶ್ರೀನಿಧಿ ಹೊಳೆನರಸೀಪುರದ ದೇವಸ್ಥಾನದ ಬೀದಿಯವನು, ತಣ್ಣಗಿನ ಮನುಷ್ಯ. "ಕಥೆ ಬೇಕು ಅಂದ್ರೆ ಪುಸ್ತಕ ಓದ್ಕೋತೀನಪ್ಪ. ಇಲ್ಲಿ ಬೆಟ್ಟ ಇದೆ, ನದಿ ಇದೆ, ಆರಾಮಾಗಿ ಸುತ್ತಾಡ್ಬೇಕು," ಎನ್ನುತ್ತಿದ್ದ. ಅಷ್ಟಕ್ಕೇ ರಂಗ ಕೆಂಡವಾಗುತ್ತಿದ್ದ.

"ಬಯಲು ದೊಡ್ದಾದ್ರೆ ಕತೆ ಆಯ್ತದೇನ್ಲಾ? ಅಲ್ನೋಡು, ಊರಿಗೆ ಬೆಂಕಿ ಬಿದ್ದೈತೆ ಅಂತ ಆವಮ್ಮ ಬಾಯಿ ಬಡ್ಕಂತಾವ್ಳೆ. ನೀನು ಓಗಿ ವಾರಗಟ್ಲೆ ಮೀನು ಹಿಡ್ಕಂಡು ಬತ್ತೀಯ. ಬಂದಾಗ್ಲೂವೆ ಊರು ಅಷ್ಟೇ ಉರೀತಾ ಐತೆ, ಆವಮ್ಮ ಅಂಗೇ ಬಡ್ಕಂತಾವ್ಳೆ. ಬಣವೆಗೆ ಬೆಂಕಿ ಬಿದ್ರೆ ನೀನು ಬರಗಂಟ ಕಾಯ್ತದಾ?"

ಇದನ್ನೇ ಅವನು ಅಂತರ್ಜಾಲದಲ್ಲೂ, ಮುಖ ನೋಡಿರದ ಯಾವ ಯಾವ ದೇಶದ ಆಟಗಾರರಿಗೋ ಬರೆಯುತ್ತಿದ್ದ. ಇಂಗ್ಲಿಷಿನಲ್ಲಿ ಬೈಗುಳ ಸಾಲದೆ ಹೋದಾಗ ಕನ್ನಡಕ್ಕೆ ಇಳಿಯುತ್ತಿದ್ದ. ಅಂಗಡಿಗೆ ಜನ ಬಂದು ನಿಂತಿದ್ದರೂ ತಲೆಯೆತ್ತದೆ ಫೋನು ಕುಟ್ಟುತ್ತಿದ್ದ. "ಯಾವನೋ ಪೆದ್ದ, ಈ ಕತೆ ಚೆಂದಾಗೈತೆ ಅಂತಾವ್ನೆ. ಬುಡಕ್ಕಾಯ್ತದಾ ಸಾ, ನೀವೇ ಯೋಳಿ," ಎಂದು ಬಚ್ಚಲಿಗೆ ಟೈಲ್ಸ್ ನೋಡಲು ಬಂದವರ ಹತ್ತಿರವೇ ನ್ಯಾಯ ಕೇಳುತ್ತಿದ್ದ.

ಅವನ ಪ್ರಕಾರ ಒಳ್ಳೆಯ ಕಥೆಗೆ ಒಂದೇ ಗುರುತು. ಮಾಡಿದ್ದಕ್ಕೆ ಫಲ ಇರಬೇಕು, ಮಾಡಿದ್ದನ್ನು ಅಳಿಸುವ ಹಾಗಿರಬಾರದು. ಒಮ್ಮೆ ಶ್ರೀನಿಧಿ ಆಟದಲ್ಲಿ ಒಬ್ಬ ಅಂಬಿಗನಿಗೆ ಸುಳ್ಳು ಹೇಳಿದ. ಆ ಸುಳ್ಳಿನಿಂದ ಅಂಬಿಗನ ಮಗ ಸತ್ತ. ಪಾಪ ಅನ್ನಿಸಿ ಶ್ರೀನಿಧಿ ಹಿಂದಕ್ಕೆ ಹೋಗಿ ಬೇರೆ ಮಾತು ಆರಿಸಲು ಹೊರಟ. ರಂಗ ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟ. "ಕೊಂದ್ಬುಟ್ಟು ಈಗ ಕೊಂದೇ ಇಲ್ಲ ಅಂತೀಯಾ? ಎದ್ದೇಳ್ಲಾ ಮ್ಯಾಕೆ." ಶ್ರೀನಿಧಿ ಬೇಸರಪಟ್ಟುಕೊಂಡು ಕೆಲವು ವಾರ ಆ ಕಡೆ ತಲೆ ಹಾಕಲಿಲ್ಲ.

ಈ ಗುಣಕ್ಕೇ ನಾನು ಅವನನ್ನು ಮೆಚ್ಚಿದ್ದು, ಸುಳ್ಳೇಕೆ ಹೇಳಲಿ. ನನ್ನ ಮನೆಯ ಗೃಹಪ್ರವೇಶಕ್ಕೆ ಮುಂಚೆ ಅಡುಗೆಮನೆಗೆ ಟೈಲ್ಸ್ ತಂದುಕೊಡುತ್ತೇನೆ ಎಂದಿದ್ದ. ತರಬೇಕಾದ ಗಾಡಿ ಕೆಟ್ಟು ನಿಂತಿತು. ನಾಳೆ ತಂದರಾಯಿತು ಬಿಡು ಎಂದು ನಾನೇ ಫೋನಿನಲ್ಲಿ ಹೇಳಿದೆ. ಅವನು ಕಂಡಕ್ಟರನೊಂದಿಗೆ ಜಗಳವಾಡಿ ಪೆಟ್ಟಿಗೆಗಳನ್ನು ಬಸ್ಸಿಗೆ ಹೇರಿ, ಹೊಳೆನರಸೀಪುರದಲ್ಲಿ ಇಳಿಸಿ, ನಿಲ್ದಾಣದಿಂದ ಮನೆಯವರೆಗೆ ಹೆಗಲ ಮೇಲೆ ಹೊತ್ತು ತಂದ. ಕತ್ತಿನ ಚರ್ಮ ಕಿತ್ತುಹೋಗಿತ್ತು. "ಇವತ್ತು ಅಂದಿದ್ದೆ, ಇವತ್ತು ತಂದಿವ್ನಿ. ಕಾಫಿ ಕಾಯ್ಸು," ಅಂದ. ಇಂಥವನನ್ನು ಸ್ನೇಹಿತನೆಂದು ಹೇಳಿಕೊಳ್ಳಲು ಯಾರಿಗೆ ಹೆಮ್ಮೆಯಾಗುವುದಿಲ್ಲ?

ಕಾಯಿಲೆ ಬಿದ್ದ ಮೇಲೆ ಅವನ ಅಪ್ಪನೂ ಹಾಸನಕ್ಕೆ ಬಂದು ಆ ಕೋಣೆಯಲ್ಲೇ ಇದ್ದರು. ಆಟದೊಳಗಿನವರ ಇಂಗ್ಲಿಷ್ ಮಾತನ್ನೆಲ್ಲ ರಂಗ ಅಪ್ಪನಿಗಾಗಿ ಅರಕಲಗೂಡಿನ ಮಾತಿಗೆ ತಿರುಗಿಸುತ್ತಿದ್ದ. ಮಾಟಗಾತಿ "ಬಾರ್ಲಾ ಮಗ, ಮುದ್ದೆ ಉಣ್ಣು" ಎನ್ನುತ್ತಿದ್ದಳು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಮುದುಕರು "ಆಮ್ಯಾಕೆ?" ಎಂದು ಕೇಳುತ್ತಿದ್ದರು. ಕೇಳದೆ ಹೋದರೆ ಕಥೆ ಸಪ್ಪೆ ಎಂದು ಅರ್ಥ. ತಿಂಗಳುಗಟ್ಟಲೆ ರಂಗ ಅವರಿಗೆ ಸ್ನಾನ ಮಾಡಿಸಿದ, ಗಂಜಿ ಕುಡಿಸಿದ, ಅಂಗಡಿಗೂ ಆಸ್ಪತ್ರೆಗೂ ಓಡಾಡಿದ. ಒಂದು ಮಧ್ಯಾಹ್ನ ಟಿವಿಯಲ್ಲಿ ಆಟ ನಡೆಯುತ್ತಿರುವಾಗಲೇ, ಮಗನ ಪಕ್ಕದಲ್ಲೇ, ಅವರ ಉಸಿರು ನಿಂತಿತು.

ತಿಥಿಯ ದಿನ ಊರ ಮನೆಯಲ್ಲಿ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಮಂಜುಳಾಳ ಗಂಡ ಪ್ರಕಾಶ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಲ್ಲಿ ಬೇಸಾಯಗಾರ. ಕೆಟ್ಟವನಲ್ಲ, ಬಾಯಿ ಸಡಿಲ. ಯಾರೋ ಏನೋ ಕೇಳಿದ್ದಕ್ಕೆ, "ಮಾವ ಪ್ರಾಣ ಬುಡೋವಾಗ ನಮ್ಮ ಬಾವ ಗೇಮ್ ಆಡ್ತಾ ಕೂತಿದ್ರಂತೆ," ಅಂದುಬಿಟ್ಟ. ರಂಗ ತಂಗಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿಕೊಂಡು ಬಡಿಸುತ್ತಲೇ ಇದ್ದಳು. ಅವಳು ಆಗ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ. ರಂಗ ಎಲೆ ಬಿಟ್ಟು ಎದ್ದು ಪ್ರಕಾಶನಿಗೆ ಅಂದ:

"ನಿಮ್ಮನೆ ಹೊಸ್ಲು ನಾನಿನ್ನು ತುಳಿಯಾಕಿಲ್ಲ. ತುಳುದ್ರೆ ನಮ್ಮಪ್ಪನ ಹೆಣ ತುಳ್ದಂಗೆ."

ಪ್ರಕಾಶ ಆಮೇಲೆ ಹಾಸನಕ್ಕೆ ಬಂದು, ಅಂಗಡಿಯಲ್ಲಿ ಎಲ್ಲರೆದುರಿಗೆ ಕೈ ಮುಗಿದು ತಪ್ಪಾಯಿತು ಎಂದ. ರಂಗ ಅವನಿಗೆ ಕುರ್ಚಿ ಹಾಕಿದ, ಟೀ ತರಿಸಿದ. "ನಿಮ್ಮ ಮ್ಯಾಲೆ ನಂಗ್ಯಾವ ಸಿಟ್ಟೂ ಇಲ್ಲ ಪ್ರಕಾಶಪ್ಪ. ಮಾತು ಆಡ್ಬುಟ್ಟಿವ್ನಿ, ಅಷ್ಟೇಯ," ಅಂದ. ಸಿಟ್ಟಿದ್ದರೆ ಇಳಿಸಬಹುದು. ಸಿಟ್ಟೇ ಇಲ್ಲದವನನ್ನು ಏನು ಮಾಡುವುದು?

ಹೀಗಿರುವಾಗ ಮಂಜುಳಾಳ ಮಗಳಿಗೆ ದಂಡಿಗನಹಳ್ಳಿಯ ಮನೆಯಲ್ಲಿ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ನಮ್ಮ ಕಡೆ ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು, ಓಲೆಯನ್ನೂ ಅವನೇ ತರಬೇಕು. ಅವಳಿಗೆ ಇರುವವನು ಒಬ್ಬನೇ ಅಣ್ಣ. ಅವಳು ನನಗೆ ಫೋನ್ ಮಾಡಿ, "ನೀನಾದ್ರೂ ಯೋಳಣ್ಣ, ನಿನ್ನ ಮಾತು ಕೇಳ್ತಾನೆ," ಎಂದಳು. ಆ ಭಾನುವಾರ ನಾನು ಹಾಸನದ ಬಸ್ಸು ಹತ್ತಿದೆ.

ರಂಗ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಗಾದೆ ಹೇಳಿದ. "ಸಿಟ್ನಲ್ಲಿ ಕುಯ್ದ ಮೂಗು ಶಾಂತಿ ಮಾಡುದ್ರೆ ಬತ್ತದೇನ್ಲಾ?"

"ಆಣೆ ತಪ್ಪಿದ್ರೆ ದೇವರೇ ಬಿಟ್ಟುಬಿಡ್ತಾನೆ ಕಣೋ. ತಪ್ಪುಗಾಣಿಕೆ ಕಟ್ಟು. ಅರಿಶಿನದ ಬಟ್ಟೇಲಿ ಕಾಸು ಕಟ್ಟಿ ದೇವರ ಮುಂದಿಟ್ಟು ಕೈ ಮುಗಿ. ನಿಮ್ಮೂರಲ್ಲೇ ಎಷ್ಟು ಜನ ಕಟ್ಟಿಲ್ಲ?"

"ಅದೂ ಹಳೇ ಸೇವ್ ಲೋಡ್ ಮಾಡ್ದಂಗೇಯ."

ನನಗೆ ತಡೆಯಲಾಗಲಿಲ್ಲ. "ಅಲ್ಲ. ಲೋಡ್ ಮಾಡಿದ್ರೆ ನಡೆದದ್ದು ನಡೆದೇ ಇಲ್ಲ ಅಂತ ಆಗುತ್ತೆ. ತಪ್ಪುಗಾಣಿಕೇಲಿ ನೀನು ಆಡಿದ ಮಾತು ಹಾಗೇ ಇರುತ್ತೆ, ಅವನು ಆಡಿದ್ದೂ ಇರುತ್ತೆ. ಅಷ್ಟೆಲ್ಲ ಇಟ್ಕೊಂಡೇ ನೀನು ತಲೆ ಬಗ್ಗಿಸಿ ಮುಂದಕ್ಕೆ ಹೋಗ್ತೀಯ. ಅದು ಅಳಿಸೋದಲ್ಲ ಕಣೋ, ಮುಂದಿನ ಕಥೆ. ಇಷ್ಟು ವರ್ಷ ನಮ್ಮ ತಲೆ ತಿಂದ್ಯಲ್ಲ, ಒಂದೇ ಕಡೆ ನಿಂತು ಬಡ್ಕೊಳ್ಳೋ ಕಥೆ ಕಥೆಯೇ ಅಲ್ಲ ಅಂತ. ಈಗ ನೀನೇ ಅಲ್ಲಿ ನಿಂತಿದೀಯ."

ರಂಗ ಎದ್ದು ಬೀರು ತೆಗೆದು ಒಂದು ಪುಟ್ಟ ಡಬ್ಬಿ ನನ್ನ ಕೈಗಿಟ್ಟ. ಒಳಗೆ ಮಗುವಿನ ಓಲೆ. ಎಂದೋ ತಂದಿಟ್ಟಿದ್ದ. "ಇದ ಕೊಟ್ಬುಡು. ನಾನು ಓಗಕ್ಕಾಗಕಿಲ್ಲ ಕಣ್ಲಾ. ಮಾತು ಅಂದ್ರೆ ಮಾತು." ಅವನ ಕಣ್ಣು ಕೆಂಪಾಗಿತ್ತು. ನನಗೆ ಕನಿಕರ ಬರಲಿಲ್ಲ. ಹಟಕ್ಕೆ ಸತ್ಯದ ಹೆಸರಿಟ್ಟು ಪೂಜೆ ಮಾಡುವವನನ್ನು ಕಂಡು ಕನಿಕರ ಪಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಕಿವಿ ಚುಚ್ಚುವ ದಿನ ಮಂಜುಳಾ ಬಾಗಿಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಅಕ್ಕಸಾಲಿ ಹೊತ್ತಾಯಿತು ಎಂದ. ಕೊನೆಗೆ ಅವಳು, "ನೀನೇ ಕೂತ್ಕೊ ಗಿರೀಶಣ್ಣ," ಎಂದು ಮಗುವನ್ನು ನನ್ನ ತೊಡೆಗೆ ಹಾಕಿದಳು. ನಾನು ಓಲೆಯ ಡಬ್ಬಿ ಕೊಟ್ಟೆ. ಅವಳು ತೆರೆದು ನೋಡಿ ಮುಚ್ಚಿದಳು. "ಇದು ಮಾವ ಬಂದು ಹಾಕ್ಬೇಕಾದ್ದು. ಅವ್ನಿಗೇ ವಾಪಸ್ ಕೊಡು," ಎಂದು, ಅಕ್ಕಸಾಲಿ ತಂದಿದ್ದ ತಂತಿಯನ್ನೇ ಮಗುವಿನ ಕಿವಿಗೆ ಹಾಕಿಸಿದಳು. ಅಣ್ಣನಿಗೆ ತಕ್ಕ ತಂಗಿ.

ಡಬ್ಬಿ ಕೊಡಲು ಮತ್ತೆ ಆ ಮೆಟ್ಟಿಲು ಹತ್ತಿದೆ. ರಂಗ ಟಿವಿ ಹಾಕದೆ ಸುಮ್ಮನೆ ಕೂತಿದ್ದ. ನಾನು ಡಬ್ಬಿಯನ್ನು ಅವನ ಮುಂದೆ ಇಟ್ಟೆ. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡು, ನನ್ನ ಮುಖ ನೋಡದೆ ಕೇಳಿದ:

"ಮಗು ಅತ್ತಳಾ?"

"ಹೋಗಿ ನೋಡ್ಕೊಂಡು ಬಾ," ಎಂದು ನಾನು ಇಳಿದು ಬಂದೆ. ಅದೇ ಕೊನೆ. ಅವನು ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಭಾನುವಾರ ಮಧ್ಯಾಹ್ನವಾದರೆ ಮನೆಯವರ ಮೇಲೆ ರೇಗುತ್ತೇನೆ.

ಅತ್ತಳು. ತೊಡೆಯ ಮೇಲೆ ಕೂರಿಸಿಕೊಂಡವನು ಯಾರೋ ಎಂದು ಮೊದಲೇ ಅತ್ತಳು, ಸೂಜಿ ತಾಗಿದಾಗ ಇನ್ನಷ್ಟು ಅತ್ತಳು. ಅವಳ ಅಮ್ಮನೂ ಅತ್ತಳು. ಇದನ್ನು ನಾನು ಅವನಿಗೆ ಹೇಳುವುದಿಲ್ಲ. ಹಾಸನದಿಂದ ದಂಡಿಗನಹಳ್ಳಿಗೆ ಬೇಕಾದಷ್ಟು ಬಸ್ಸುಗಳಿವೆ.